ಗುಲಾಬಿ: ಹೂವಿನ ಹೆಸರಲ್ಲೇ ಇರುವ ನೀರು

ನಿಕಾಹ್‌ನ ಮನೆಯಲ್ಲಿ ಪನ್ನೀರು, ರಮಝಾನಿನ ಇಫ್ತಾರಿಗೆ ಕೆಂಪು ಶರಬತ್ತು. ಇವೆರಡೂ ನಮಗೆ ಹೊಸತಲ್ಲ. ಆದರೆ ಕಾಣಿಯೂರು, ಕಡಬದ ಅಂಗಳಗಳಲ್ಲಿ ಅರಳುವ ಗುಲಾಬಿಯನ್ನು ನಾವು ಈಗ ನೋಡುವ, ಮುಡಿಯುವ ಹೂವೆಂದಷ್ಟೇ ತಿಳಿದಿದ್ದೇವೆ. ಅದನ್ನು ತಿಂದ, ಕುಡಿದ ಚರಿತ್ರೆ ಅದರ ಹೆಸರಿನಲ್ಲೇ ಇದೆ.

ಪಾರಸಿಯಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. 'ಗುಲಾಬ್' ಎಂದರೆ ಪನ್ನೀರು. ಅಂದರೆ ನೀರಿನ ಹೆಸರೇ ನಮ್ಮಲ್ಲಿ ಹೂವಿನ ಹೆಸರಾಯಿತು. 'ಗುಲ್ಕಂದ್'ನಲ್ಲಿರುವ 'ಕಂದ್' ಸಕ್ಕರೆ. ಅದರ ಮೂಲ ನಮ್ಮ ನಾಡಿನ 'ಖಂಡ' ಎಂಬ ಪದ. ಹೂವು ಅಲ್ಲಿಂದ ಬಂತು, ಸಕ್ಕರೆ ಇಲ್ಲಿಂದ ಹೋಯಿತು. 'ಶರಬತ್ತು' ಅರಬಿಯ ಕುಡಿಯುವ ಕ್ರಿಯೆಯಿಂದ ಹುಟ್ಟಿದ ಪದ.

9ನೇ ಶತಮಾನದ ಬಗ್ದಾದಿನಲ್ಲಿ ಅಲ್ ಕಿಂದಿ ಸುಗಂಧಗಳನ್ನು ಭಟ್ಟಿ ಇಳಿಸುವ ಬಗ್ಗೆ ಗ್ರಂಥವನ್ನೇ ಬರೆದರು. ಖಲೀಫ ಮಅ್‌ಮೂನರ ಕಾಲದ್ದೆಂದು ಇಬ್ನು ಖಲ್ದೂನ್ ಕೊಡುವ ಕಂದಾಯ ಪಟ್ಟಿಯಲ್ಲಿ, ಫಾರ್ಸ್ ಪ್ರಾಂತ್ಯ ಹಣದ ಜೊತೆಗೆ 30,000 ಸೀಸೆ ಪನ್ನೀರನ್ನೂ ಸಲ್ಲಿಸಬೇಕಿತ್ತು.

ಆ ಫಾರ್ಸ್‌ಗೂ ನಮಗೂ ನಂಟಿದೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನು ಬತೂತಾ, ಫಾರ್ಸ್ ಮತ್ತು ಯಮನಿನ ವರ್ತಕರು ಹೆಚ್ಚಾಗಿ ಇಳಿಯುವ ಬಂದರು ಇದೆಂದೂ, ಕರಿಮೆಣಸು, ಶುಂಠಿ ಇಲ್ಲಿ ಹೇರಳವೆಂದೂ, ಸುಮಾರು 4,000 ಮುಸ್ಲಿಮರು ಇದ್ದರೆಂದೂ ಬರೆದಿದ್ದಾರೆ. ಪನ್ನೀರಿನ ನಾಡಿನವರೂ ಮೆಣಸಿನ ನಾಡಿನವರೂ ಕಲೆತ ಕಡಲದು. ಕಾಣಿಯೂರಿನ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಸೇರುವುದೂ ಅದೇ ಕಡಲನ್ನು.

ಗುಲ್ಕಂದ್ ಮಾಡಲು ದೊಡ್ಡ ಸಲಕರಣೆ ಬೇಕಿಲ್ಲ. ಘಮವಿರುವ ಪನ್ನೀರು ಗುಲಾಬಿಯ ಎಸಳುಗಳನ್ನು ತೊಳೆದು, ನೆರಳಲ್ಲಿ ನೀರಾರಿಸಬೇಕು. ಒಣಗಿದ ಗಾಜಿನ ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ ತುಂಬಿ, ಎರಡು ಮೂರು ವಾರ ಬಿಸಿಲಿಗಿಡಬೇಕು. ನಮ್ಮ ಮಳೆನಾಡಿನಲ್ಲಿ ಇದು ಬೇಸಗೆಯ ಕೆಲಸ. ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ. ಒಂದು ಚಮಚ ಗುಲ್ಕಂದನ್ನು ತಣ್ಣನೆಯ ಹಾಲಿಗೆ ಕದಡಿದರೆ ಇಫ್ತಾರಿನ ಪಾನೀಯ ಸಿದ್ಧ. ಪೇಟೆಯ ಅಲಂಕಾರದ ಗುಲಾಬಿ ಮಾತ್ರ ಬೇಡ; ಅದಕ್ಕೆ ಕೀಟನಾಶಕ ಹೊಡೆದಿರುತ್ತಾರೆ.

1907ರಲ್ಲಿ ದೆಹಲಿಯ ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ 'ರೂಹ್ ಅಫ್ಝಾ' ತಯಾರಿಸಿದ್ದು ಬೇಸಗೆಯ ದಣಿವು ನೀಗುವ ಯುನಾನಿ ಪಾನೀಯವಾಗಿ. ಗುಲಾಬಿಯೂ ಅದರ ಭಾಗ. ಇಂದು ಅದೇ ಬಣ್ಣದ ಎಷ್ಟೋ ಬಾಟಲಿಗಳಲ್ಲಿರುವುದು ಬಣ್ಣ, ಎಸೆನ್ಸ್ ಮತ್ತು ಸಕ್ಕರೆ ಮಾತ್ರ. ಹೂವಿಲ್ಲ, ಹೆಸರು ಉಳಿದಿದೆ.

ಆಹಾರ ಹಲಾಲ್ ಆದರೆ ಸಾಲದು, ತಯ್ಯಿಬ್ ಕೂಡ ಆಗಿರಬೇಕೆಂದು ನಾವು ಜುಮುಆದಲ್ಲಿ ಕೇಳುತ್ತೇವೆ. ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ: ಮಕ್ಕಳ ಲೋಟದಲ್ಲಿರುವುದು ಏನು? ಈ ಮಳೆಗಾಲದಲ್ಲಿ ಅಂಗಳಕ್ಕೊಂದು ಪನ್ನೀರು ಗುಲಾಬಿಯ ಗೆಲ್ಲು ನೆಡೋಣ. ಹೂ ಬಿಟ್ಟಾಗ ಭರಣಿಯನ್ನು ತುಂಬಿಸಿ, ನೆರೆಮನೆಗೂ ಒಂದು ಪಾಲು ಕೊಡೋಣ.