ಮಶ್ರೂ: ಒಳಗೆ ಹತ್ತಿ, ಹೊರಗೆ ರೇಷ್ಮೆ

ಉರ್ದು ತರಗತಿಯಲ್ಲಿ 'ಶರೀಅತ್' ಎಂಬ ಪದವನ್ನು ಕಲಿತ ವಿದ್ಯಾರ್ಥಿಗಳಿಗೆ 'ಮಶ್ರೂ' ಎಂಬುದರ ಅರ್ಥ ಹೊಳೆಯುವುದು ಕಷ್ಟವೇನಲ್ಲ. ಅದೇ ಮೂಲದಿಂದ ಬಂದ ಈ ಅರಬಿ ಪದಕ್ಕೆ 'ಶರೀಅತ್‌ಗೆ ಸಮ್ಮತವಾದದ್ದು' ಎಂದು ಅರ್ಥ. ಆದರೆ ಇದು ಒಂದು ಬಟ್ಟೆಯ ಹೆಸರೂ ಆಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಶತಮಾನಗಳಿಂದ ನೇಯುತ್ತ ಬಂದ ಈ ಬಟ್ಟೆಯನ್ನು ಗುಜರಾತಿನ ಪಾಟಣ ಮತ್ತು ಕಚ್ಛದ ಮಾಂಡ್ವಿಯಲ್ಲಿ ಈಗಲೂ ಕೆಲವೇ ನೇಕಾರರು ಉಳಿಸಿಕೊಂಡಿದ್ದಾರೆ.

ಇಸ್ಲಾಮಿನಲ್ಲಿ ಪುರುಷರಿಗೆ ಶುದ್ಧ ರೇಷ್ಮೆಯ ಉಡುಪು ನಿಷಿದ್ಧ. ಆದರೆ ದರ್ಬಾರಿನ ಅಮೀರರಿಗೆ ರೇಷ್ಮೆಯ ಹೊಳಪು ಬೇಕು! ಈ ಇಕ್ಕಟ್ಟಿಗೆ ನೇಕಾರರು ಮಗ್ಗದಲ್ಲಿಯೇ ಉಪಾಯ ಕಂಡುಕೊಂಡರು. ಹಾಸಿನಲ್ಲಿ ರೇಷ್ಮೆ, ಹೊಕ್ಕಿನಲ್ಲಿ ಹತ್ತಿ. ಹಾಸಿನ ಪ್ರತಿ ಎಳೆಯೂ ಹೊಕ್ಕಿನ ಹಲವು ಎಳೆಗಳ ಮೇಲೆ ಹಾದು, ಒಂದರ ಕೆಳಗೆ ಮಾತ್ರ ನುಸುಳುತ್ತದೆ. ಹೀಗಾಗಿ ಹೊರಮೈ ಪೂರ್ತಿ ರೇಷ್ಮೆಯಂತೆ ಕಾಣುತ್ತದೆ, ಮೈಗೆ ತಾಗುವುದು ಹತ್ತಿ ಮಾತ್ರ.

ಧರ್ಮದ ಕಟ್ಟಳೆಗಾಗಿ ಮಾಡಿದ ಈ ಏರ್ಪಾಡಿನಿಂದ ಬೇರೆ ಲಾಭಗಳೂ ದೊರೆತವು. ರೇಷ್ಮೆಯ ಖರ್ಚು ಕಡಿಮೆಯಾಯಿತು. ಬೆವರು ರೇಷ್ಮೆಯ ಶತ್ರು. ಇಲ್ಲಿ ಆ ಬೆವರನ್ನು ಹತ್ತಿಯೇ ಹೀರಿಕೊಳ್ಳುತ್ತದೆ. ಇದರಿಂದಾಗಿ ಮುಸಲ್ಮಾನರಷ್ಟೇ ಅಲ್ಲ, ಗುಜರಾತಿನ ಹಿಂದೂ ಮಹಿಳೆಯರೂ ಘಾಗ್ರಾ, ಚೋಳಿಗಳಿಗೆ ಮಶ್ರೂವನ್ನು ಬಳಸಿದರು. ದೋಷವೇ ಇರಲಿಲ್ಲವೆಂದಲ್ಲ. ಮೇಲೆ ತೇಲಿದಂತಿರುವ ರೇಷ್ಮೆ ಎಳೆಗಳು ಉಜ್ಜಿದಲ್ಲಿ ಬೇಗ ಸವೆಯುತ್ತವೆ. 20ನೇ ಶತಮಾನದಲ್ಲಿ ರೇಷ್ಮೆಯ ಜಾಗಕ್ಕೆ ಅಗ್ಗದ ರೇಯಾನ್ ಬಂದಿತು. ನೇಯ್ಗೆ ಅದೇ, ಹೊಳಪೂ ಸುಮಾರಾಗಿ ಅದೇ. ಆದರೆ ನೀರಿನಲ್ಲಿ ನೆನೆದಾಗ ರೇಯಾನಿನ ಬಲ ಕುಗ್ಗುತ್ತದೆ.

ನೇಕಾರನ ನಂತರ ದರ್ಜಿಯ ಸರದಿ. ಹಳೆಯ ಕಲಿದಾರ್ ಕುರ್ತಾವನ್ನು ಬಿಚ್ಚಿ ನೆಲದ ಮೇಲೆ ಹರಡಿದರೆ ಅದೊಂದು ರೇಖಾಗಣಿತದ ಪಾಠ. ಎದೆ ಬೆನ್ನುಗಳಿಗೆ ಸೇರಿ ಒಂದೇ ಉದ್ದ ಪಟ್ಟಿ, ತೋಳಿಗೆ ಆಯತ. ಇನ್ನೊಂದು ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಪಕ್ಕಕ್ಕೆ ಬೇಕಾದ ಎರಡು 'ಕಲಿ'ಗಳು ಸಿಗುತ್ತವೆ. ಕಂಕುಳಿಗೆ 'ಚೌಬಗ್ಲಾ' ಎಂಬ ಚಿಕ್ಕ ಚೌಕ. ಕೈ ಎತ್ತಿದಾಗ ಹೊಲಿಗೆ ಹರಿಯದಂತೆ ಕಾಯುವುದು ಇದೇ. ಕತ್ತಿನ ಬಳಿಯ ತುಣುಕು ಬಿಟ್ಟರೆ ಬಟ್ಟೆ ಹೆಚ್ಚೇನೂ ವ್ಯರ್ಥವಾಗುವುದಿಲ್ಲ. ಈಗಿನ ಅಂಗಿಗಳಲ್ಲಿ ತೋಳು, ಕತ್ತು ಎಲ್ಲವೂ ಬಾಗಿದ ಗೆರೆಗಳು. ಎರಡು ಬಾಗಿದ ತುಂಡುಗಳ ನಡುವಿನ ಬಟ್ಟೆ ಕತ್ತರಿ ಮೇಜಿನಿಂದಲೇ ಕಸದ ಬುಟ್ಟಿಗೆ ಹೋಗುತ್ತದೆ.

ಹರಿದ ಮೇಲೇನು? ಪ್ರವಾದಿಯವರು (ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಜ್ರತ್ ಆಯಿಷಾ (ರ) ಅವರಿಂದ ವರದಿಯಾಗಿದೆ. ಹೊಲಿಯಲಾಗದಷ್ಟು ಹಳತಾದದ್ದಕ್ಕೆ ನಮ್ಮ ನಾಡಿನಲ್ಲಿ ಕೌದಿಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಜೋಡಿಸುತ್ತ ಕೌದಿ ಹೊಲಿಯುತ್ತಾರೆ. ಅವರ ಕೌದಿಗಳಿಗೆ ಈಗ ದೇಶ ವಿದೇಶಗಳಲ್ಲಿ ಮನ್ನಣೆಯಿದೆ. ಸವೆದು ಮೆತ್ತಗಾದ ಹತ್ತಿಗೆ ಸೂಜಿ ಸುಲಭವಾಗಿ ಇಳಿಯುತ್ತದೆ.

ಇನ್ನು ಟೆರಿಕಾಟ್. ಇದೂ ಮಶ್ರೂವಿನಂತೆ ಎರಡು ಬಗೆಯ ನಾರಿನ ಬಟ್ಟೆಯೇ. ಆದರೆ ಮಶ್ರೂವಿನಲ್ಲಿ ರೇಷ್ಮೆ, ಹತ್ತಿಗಳಿಗೆ ಬೇರೆ ಬೇರೆ ಸ್ಥಾನವಿದೆ, ಎರಡೂ ಮಣ್ಣಿನಲ್ಲಿ ಕೊಳೆಯುತ್ತವೆ. ಟೆರಿಕಾಟಿನಲ್ಲಿ ಪಾಲಿಯೆಸ್ಟರ್ ಮತ್ತು ಹತ್ತಿಯನ್ನು ಒಂದೇ ನೂಲಿನಲ್ಲಿ ಸೇರಿಸಿ ಹೊಸೆಯುತ್ತಾರೆ. ಬೇರ್ಪಡಿಸುವುದು ಕಷ್ಟ, ಪಾಲಿಯೆಸ್ಟರ್ ಕೊಳೆಯುವುದೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅದು ಬಾಳಿಕೆ ಬರುತ್ತದೆ, ಇಸ್ತ್ರಿಯ ಗೋಜೂ ಕಡಿಮೆ. ಬಡವರು ಅದನ್ನು ಸುಮ್ಮನೆ ಮೆಚ್ಚಲಿಲ್ಲ.

ಆದರೆ ಬಾಳಿಕೆ ಬರುವ ಬಟ್ಟೆಯನ್ನೂ ಬಾಳದಂತೆ ಹೊಲಿಯಬಹುದು. ಶಾಲೆಯಲ್ಲಿ ನಾನು ಪ್ರತಿ ಜೂನ್‌ನಲ್ಲಿ ಇದನ್ನು ನೋಡುತ್ತೇನೆ. ರೆಡಿಮೇಡ್ ಸಮವಸ್ತ್ರಗಳ ಹೊಲಿಗೆಯೊಳಗೆ ಅರ್ಧ ಇಂಚೂ ಬಟ್ಟೆ ಬಿಟ್ಟಿರುವುದಿಲ್ಲ. ಬಟ್ಟೆ ಗಟ್ಟಿಯಾಗಿದ್ದರೂ ಹುಡುಗ ಬೆಳೆದಿರುತ್ತಾನೆ, ತಂದೆ ಮತ್ತೆ ಸಾಲ ಮಾಡಬೇಕು. ಕಾಲಿನ ತುದಿಯಲ್ಲಿ ಎರಡು ಇಂಚು ಒಳಗೆ ಮಡಿಸಿ ಹೊಲಿಯಿರೆಂದು ದರ್ಜಿಗೆ ಮೊದಲೇ ಹೇಳಿದ ತಾಯಂದಿರ ಮಕ್ಕಳನ್ನು ಮರುವರ್ಷ ನಾನು ಸುಲಭವಾಗಿ ಗುರುತಿಸುತ್ತೇನೆ. ಅವರ ಪ್ಯಾಂಟಿನ ಕೆಳಗೆ ಹಳೆಯ ಮಡಿಕೆಯ ಗೆರೆಯೊಂದು ಕಾಣುತ್ತಿರುತ್ತದೆ.