ಪುನರ್ವಿಕ್ರಯದ ಘೋಷಣೆ: ಅಂತರರಾಜ್ಯ ಮಾರಾಟ ತೆರಿಗೆಯ ‘ಸಿ’ ಫಾರಮಿನ ಚರಿತ್ರೆ

ಕನ್ನಡನಾಡಿನ ಶಾಸನಗಳಲ್ಲಿ ಬರುವ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳನ್ನು ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ವಿಚಾರಮಾಡಿದ್ದಾರೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ಯಾವ ಸರಕಿನ ಮೇಲೆ ಎಷ್ಟು ಆಯವನ್ನು ದೇವಸ್ಥಾನಕ್ಕೆ ಬಿಟ್ಟವೆಂಬುದನ್ನು ಕಲ್ಲಿನ ಮೇಲೆ ಓದಿ ಸಂತೋಷಪಡುವ ನಾವು, ಕಳೆದ ಶತಮಾನದ ಉತ್ತರಾರ್ಧದಲ್ಲಿ ಪ್ರತಿಯೊಬ್ಬ ವರ್ತಕನ ಪೆಟ್ಟಿಗೆಯಲ್ಲೂ ಇದ್ದ ಒಂದು ಕಾಗದವನ್ನು ಚರಿತ್ರೆಯ ಸಾಮಗ್ರಿಯೆಂದು ಎಣಿಸುವುದು ಅಪರೂಪ. ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ‘ಸಿ ಫಾರಂ’ ಎಂದು ಹೆಸರು. ‘ಈ ಸರಕನ್ನು ನಾನು ಮರುಮಾರಾಟಕ್ಕಾಗಿ ಕೊಂಡಿದ್ದೇನೆ’ ಎಂದು ಕೊಳ್ಳುವವನು ಮಾರುವವನಿಗೆ ಬರೆದುಕೊಡುವ ಘೋಷಣೆ ಅದು. ಆ ಒಂದು ವಾಕ್ಯದ ಬೆಲೆ ಏನು, ಅದು ಸುಳ್ಳಾದರೆ ನಷ್ಟ ಯಾರದು ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ.

ಮಾರಾಟ ತೆರಿಗೆಯಲ್ಲಿ ಒಂದು ಹುಟ್ಟುದೋಷವಿದೆ. ಒಂದೇ ಸರಕು ತಯಾರಕನಿಂದ ಸಗಟು ವ್ಯಾಪಾರಿಗೆ, ಅವನಿಂದ ಚಿಲ್ಲರೆ ಅಂಗಡಿಗೆ, ಅಲ್ಲಿಂದ ಬಳಸುವವನಿಗೆ ಸಾಗುವಾಗ ಮೂರು ಸಲ ಮಾರಾಟವಾಗುತ್ತದೆ. ಮೂರು ಸಲವೂ ತೆರಿಗೆ ಹಾಕಬೇಕೆ, ಒಂದೇ ಸಲವೆ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಎರಡು ಪ್ರಾಂತಗಳು ಎರಡು ಬಗೆಯ ಉತ್ತರ ಕೊಟ್ಟವು. 1935ರ ಭಾರತ ಸರ್ಕಾರದ ಕಾಯಿದೆಯು ಸರಕಿನ ಮಾರಾಟದ ಮೇಲಣ ತೆರಿಗೆಯನ್ನು ಪ್ರಾಂತಗಳಿಗೆ ಬಿಟ್ಟುಕೊಟ್ಟಿತು. 1938ರಲ್ಲಿ ಮಧ್ಯಪ್ರಾಂತವು ಮೋಟಾರು ಇಂಧನದ ಮೇಲೆ ತೆರಿಗೆ ಹಾಕಿತು. 1939ರಲ್ಲಿ ರಾಜಾಜಿಯವರ ಮಂತ್ರಿಮಂಡಲವು, ಪಾನನಿರೋಧದಿಂದ ಕಳೆದುಹೋದ ವರಮಾನವನ್ನು ತುಂಬಿಕೊಳ್ಳುವುದಕ್ಕಾಗಿ, ಮದ್ರಾಸಿನಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ಜಾರಿಗೆ ತಂದಿತು. ದಕ್ಷಿಣ ಕನ್ನಡವು ಆಗ ಮದ್ರಾಸಿಗೆ ಸೇರಿದ್ದುದರಿಂದ ಮಂಗಳೂರಿನ ವರ್ತಕರು ಈ ತೆರಿಗೆಯ ಪರಿಚಯವನ್ನು ಮೈಸೂರಿನವರಿಗಿಂತ ಮುಂಚೆಯೇ ಮಾಡಿಕೊಂಡರು. ಮದ್ರಾಸಿನ ಪದ್ಧತಿ ಸರಳ: ದರ ಕಡಮೆ, ಶೇಕಡ ಅರ್ಧ, ಆದರೆ ಎಷ್ಟು ಸಲ ಮಾರಿದರೂ ಅಷ್ಟು ಸಲ ತೆರಿಗೆ. ಇಲ್ಲಿ ‘ನಾನು ಮರುಮಾರಾಟ ಮಾಡುವವನು’ ಎಂದು ಯಾರೂ ಹೇಳಿಕೊಳ್ಳಬೇಕಾಗಿರಲಿಲ್ಲ. ಹೇಳಿಕೊಂಡರೆ ಲಾಭವೂ ಇರಲಿಲ್ಲ.

ಬಂಗಾಳದ್ದು ಬೇರೆ ದಾರಿ. ಅಲ್ಲಿಯ 1941ರ ಕಾಯಿದೆಯ ಪ್ರಕಾರ ತೆರಿಗೆ ಕೊನೆಯ ಹಂತದಲ್ಲಿ ಮಾತ್ರ. ನೋಂದಾಯಿತ ವರ್ತಕನೊಬ್ಬನು ಇನ್ನೊಬ್ಬ ನೋಂದಾಯಿತ ವರ್ತಕನಿಗೆ ಪುನರ್ವಿಕ್ರಯಕ್ಕಾಗಿ ಮಾರಿದ ಸರಕಿನ ಬೆಲೆಯನ್ನು ತನ್ನ ವಹಿವಾಟಿನಿಂದ ಕಳೆಯಬಹುದು. ಆದರೆ ಆ ಸರಕು ಕೊಳ್ಳುವವನ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು. ಇಲಾಖೆಯಿಂದಲೇ ಪಡೆದ ನಮೂನೆಯಲ್ಲಿ ಅವನು ಸಹಿಮಾಡಿದ ಘೋಷಣೆಯನ್ನು ಹಾಜರುಪಡಿಸಬೇಕು. ಹಾಗೆ ಕೊಂಡುದನ್ನು ಬೇರೆ ಕೆಲಸಕ್ಕೆ ಬಳಸಿದರೆ ಅದರ ಬೆಲೆ ಕೊಂಡವನ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ‘ಸಿ’ ಫಾರಮಿನ ವಂಶಾವಳಿಯನ್ನು ಹುಡುಕುವವರು ಮದ್ರಾಸಿಗಿಂತ ಕಲ್ಕತ್ತೆಯ ಕಡೆಗೇ ನೋಡಬೇಕೆಂದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲಿಯೂ ಇದೇ ತರ್ಕ ಇದೇ ಫಲವನ್ನು ಕೊಟ್ಟಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿಯ ಅನೇಕ ಸಂಸ್ಥಾನಗಳು ಚಿಲ್ಲರೆ ಮಾರಾಟದ ಮೇಲೆ ತೆರಿಗೆ ಹಾಕಿದವು. ಕ್ಯಾಲಿಫೋರ್ನಿಯದ ಕಾಯಿದೆ 1933ರದು. ಅಲ್ಲಿ ಪ್ರತಿ ಮಾರಾಟವೂ ತೆರಿಗೆಗೆ ಒಳಪಟ್ಟದ್ದೆಂದೇ ಮೊದಲ ಊಹೆ. ಹಾಗಲ್ಲವೆಂದು ತೋರಿಸುವ ಹೊರೆ ಮಾರುವವನದು. ಅವನು ಕೊಳ್ಳುವವನಿಂದ ಸಕಾಲದಲ್ಲಿ, ಸದ್ಭಾವನೆಯಿಂದ, ಪುನರ್ವಿಕ್ರಯದ ಪ್ರಮಾಣಪತ್ರವನ್ನು ಪಡೆದಿದ್ದರೆ ಆ ಹೊರೆ ಇಳಿಯುತ್ತದೆ. ನಮ್ಮಲ್ಲಿಗೂ ಅಲ್ಲಿಗೂ ಇರುವ ಮುಖ್ಯ ಭೇದವೊಂದನ್ನು ಗಮನಿಸಬೇಕು. ಅಲ್ಲಿ ಪತ್ರವನ್ನು ವರ್ತಕನೇ ಬರೆದುಕೊಡಬಹುದು. ನಮ್ಮಲ್ಲಿ ಖಾಲಿ ಹಾಳೆಯೂ ಸರ್ಕಾರದಿಂದಲೇ ಬರಬೇಕು, ಅದಕ್ಕೆ ಕ್ರಮಸಂಖ್ಯೆಯೂ ಇರಬೇಕು.

ಸ್ವಾತಂತ್ರ್ಯಾನಂತರ ಸಮಸ್ಯೆ ಇನ್ನೊಂದು ರೂಪವನ್ನು ತಾಳಿತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿಗೆ ತೆರಿಗೆ ಹಾಕುವವರು ಯಾರು? ಸಂವಿಧಾನದ 286ನೆಯ ಅನುಚ್ಛೇದವು ರಾಜ್ಯಗಳ ಕೈಯನ್ನು ಕಟ್ಟಿತ್ತು. ಆದರೆ ಅದರೊಳಗಿನ ವಿವರಣೆಯು, ಸರಕು ಬಳಕೆಗಾಗಿ ಎಲ್ಲಿ ತಲಪುತ್ತದೆಯೋ ಆ ರಾಜ್ಯದಲ್ಲೇ ಮಾರಾಟವಾಯಿತೆಂದು ಭಾವಿಸಬೇಕೆನ್ನುತ್ತಿತ್ತು. 1953ರಲ್ಲಿ ಯುನೈಟೆಡ್ ಮೋಟಾರ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕು ತಲಪಿದ ರಾಜ್ಯವು ಹೊರರಾಜ್ಯದ ವರ್ತಕನ ಮೇಲೂ ತೆರಿಗೆ ಹಾಕಬಹುದೆಂದಿತು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ಎಲ್ಲಿಯೋ ಕುಳಿತು ಅಂಚೆಯ ಮೂಲಕ ಮಾರುವ ವರ್ತಕನು ಹತ್ತಾರು ರಾಜ್ಯಗಳ ನೋಟೀಸುಗಳಿಗೆ ಉತ್ತರ ಬರೆಯಬೇಕಾಯಿತು. 1955ರ ಸೆಪ್ಟೆಂಬರ್ 6ರಂದು ಬೆಂಗಾಲ್ ಇಮ್ಯೂನಿಟಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ತಳ್ಳಿಹಾಕಿತು. ರಾಜ್ಯಗಳು ವಸೂಲುಮಾಡಿದ್ದ ಹಣಕ್ಕೆ ಆಧಾರವೇ ಇಲ್ಲದಂತಾಗಲು, ಅದನ್ನು ಉಳಿಸಿಕೊಡುವುದಕ್ಕೆ 1956ರಲ್ಲಿ ಬೇರೊಂದು ಕಾಯಿದೆಯೇ ಬೇಕಾಯಿತು. ಅದೇ ವರ್ಷ ಸಂವಿಧಾನದ ಆರನೆಯ ತಿದ್ದುಪಡಿಯಾಗಿ, ಅಂತರರಾಜ್ಯ ಮಾರಾಟದ ತೆರಿಗೆ ಕೇಂದ್ರದ ಶಾಸನಾಧಿಕಾರಕ್ಕೆ ಬಂದಿತು. ಜಾನ್ ಮಥಾಯಿಯವರ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಆಯೋಗ ತೋರಿಸಿದ್ದ ಮಾರ್ಗವೂ ಇದೇ. ಹೀಗೆ ಹುಟ್ಟಿದ್ದು 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆ. ಕಾಯಿದೆ ಕೇಂದ್ರದ್ದು, ವಸೂಲಿ ರಾಜ್ಯದ್ದು, ಹಣವೂ ಸರಕು ಹೊರಟ ರಾಜ್ಯಕ್ಕೇ.

ಈ ಕಾಯಿದೆಯ ಒಳಗುಟ್ಟು ಅದರ 8ನೆಯ ಪ್ರಕರಣದಲ್ಲಿದೆ. ಕೊಳ್ಳುವವನು ನೋಂದಾಯಿತ ವರ್ತಕನಾಗಿದ್ದು ಘೋಷಣೆ ಕೊಟ್ಟರೆ ಮೊದಲಿಗೆ ತೆರಿಗೆ ಶೇಕಡ 1 ಮಾತ್ರ. ಮುಂದೆ ಅದು 1963ರಲ್ಲಿ 2, 1966ರಲ್ಲಿ 3, 1975ರಲ್ಲಿ 4 ಆಯಿತು. ಘೋಷಣೆಯಿಲ್ಲದಿದ್ದರೆ, 2007ರವರೆಗಿನ ದಶಕಗಳಲ್ಲಿ, ಸಾಮಾನ್ಯ ಸರಕಿಗೆ ಶೇಕಡ 10 ಅಥವಾ ರಾಜ್ಯದೊಳಗಣ ದರ, ಎರಡರಲ್ಲಿ ಯಾವುದು ಹೆಚ್ಚೋ ಅದು.

ಪತ್ರವನ್ನು ಪಡೆಯುವ ಕ್ರಮ ಹೀಗಿತ್ತು. ವರ್ತಕನು ‘ಎ’ ಫಾರಮಿನಲ್ಲಿ ಅರ್ಜಿ ಹಾಕಿ ‘ಬಿ’ ಫಾರಮಿನ ನೋಂದಣಿ ಪ್ರಮಾಣಪತ್ರವನ್ನು ಪಡೆಯುತ್ತಿದ್ದನು. ಯಾವ ಯಾವ ಸರಕನ್ನು ಮರುಮಾರಾಟಕ್ಕೆ, ಯಾವುದನ್ನು ತಯಾರಿಕೆಗೆ, ಗಣಿಗಾರಿಕೆಗೆ, ವಿದ್ಯುದುತ್ಪಾದನೆಗೆ ಕೊಳ್ಳುತ್ತಾನೆಂಬುದು ಅದರಲ್ಲಿ ನಮೂದಾಗುತ್ತಿತ್ತು. ಎಲ್ಲ ತೊಡಕುಗಳ ಬೀಜ ಈ ಪಟ್ಟಿಯಲ್ಲೇ ಇದ್ದಿತು. ವ್ಯಾಪಾರ ಬೆಳೆದಂತೆ ಪಟ್ಟಿಯನ್ನು ತಿದ್ದಿಸಿಕೊಳ್ಳಲು ಮರೆತವನು ಪ್ರಾಮಾಣಿಕನಾಗಿದ್ದೂ ತಪ್ಪಿಗೆ ಸಿಕ್ಕುತ್ತಿದ್ದನು. ಅನಂತರ ಇಲಾಖೆಯಿಂದ ಖಾಲಿ ಫಾರಂಗಳು. ಒಂದೊಂದಕ್ಕೂ ಮೂರು ಭಾಗ: ಮೂಲಪ್ರತಿ, ಎರಡನೆಯ ಪ್ರತಿ, ಅಡಿಚೀಟಿ. ಅಡಿಚೀಟಿ ಕೊಂಡವನಲ್ಲಿ ಉಳಿಯಬೇಕು, ಉಳಿದೆರಡು ಮಾರಿದವನಿಗೆ ಹೋಗಬೇಕು. ಮಾರಿದವನು ಮೂಲಪ್ರತಿಯನ್ನು ತನ್ನ ಕರನಿರ್ಧಾರಣಾಧಿಕಾರಿಗೆ ಒಪ್ಪಿಸಬೇಕು. ಫಾರಂಗಳ ಸುರಕ್ಷತೆಗಾಗಿ ಜಾಮೀನನ್ನೂ ಕೇಳಬಹುದಾಗಿತ್ತು. ದಾರಿಯಲ್ಲಿ ಪತ್ರ ಕಳೆದುಹೋದರೆ ಕೊಂಡವನು ‘ಜಿ’ ಫಾರಮಿನಲ್ಲಿ ನಷ್ಟಭರ್ತಿಯ ಮುಚ್ಚಳಿಕೆ ಬರೆದುಕೊಟ್ಟು, ಹೊಸ ಫಾರಮಿನ ಮೂರು ಭಾಗಗಳ ಮೇಲೂ ಕೆಂಪು ಶಾಯಿಯಲ್ಲಿ ಇದು ನಕಲೆಂದು ಬರೆದು ಸಹಿಮಾಡಬೇಕು. ಹಣದ ನೋಟಿಗೂ ಇಷ್ಟು ಉಪಚಾರವಿಲ್ಲ!

ಒಂದು ಕಲ್ಪಿತ ನಿದರ್ಶನವನ್ನು ನೋಡೋಣ. 1980ರ ಸುಮಾರಿಗೆ ದಾವಣಗೆರೆಯ ವರ್ತಕನೊಬ್ಬನು ಕೊಯಮತ್ತೂರಿನಿಂದ 10,000 ರೂಪಾಯಿನ ನೀರೆತ್ತುವ ಪಂಪುಗಳನ್ನು ತರಿಸಿದನೆನ್ನೋಣ. ಬಿಲ್ಲಿನಲ್ಲಿ ತೆರಿಗೆ ಶೇಕಡ 4ರಂತೆ 400 ರೂಪಾಯಿ. ಫಾರಮನ್ನು ಆಮೇಲೆ ಕಳುಹಿಸುವೆನೆಂದು ಮಾತು. ಪಂಪುಗಳು ಮಾರಾಟವಾಗಿ ರೈತರ ಬಾವಿಗಳಲ್ಲಿ ಕುಳಿತವು. ಫಾರಂ ಮಾತ್ರ ಹೋಗಲಿಲ್ಲ. ಕೊಯಮತ್ತೂರಿನವನ ಲೆಕ್ಕದ ತನಿಖೆಯ ದಿನ ಬಂದಾಗ ಅವನು ಕನಿಷ್ಠ ಶೇಕಡ 10ರಂತೆ 1,000 ರೂಪಾಯಿ ಕಟ್ಟಬೇಕು. ವ್ಯತ್ಯಾಸದ 600 ರೂಪಾಯಿ ಅವನ ಲಾಭದಲ್ಲಿಯೇ ಹೋಗಬೇಕು. ಮಾರಾಟವಾದದ್ದು ಸತ್ಯ, ಮರುಮಾರಾಟವೂ ಸತ್ಯ. ಆದರೂ ದಂಡ ತೆತ್ತವನು ತಪ್ಪುಮಾಡದವನು.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎರಡು ಕಡೆಯಿಂದ ನೋಡಿದವು. 1965ರ ಕೇದಾರನಾಥ್ ಜೂಟ್ ಮೊಕದ್ದಮೆಯಲ್ಲಿ, ಬಂಗಾಳದ ಕಾಯಿದೆಯನ್ನೇ ಕುರಿತು, ಸರ್ವೋಚ್ಚ ನ್ಯಾಯಾಲಯವು ವಿನಾಯಿತಿ ಬೇಕಾದವನು ನಿಯಮಿತ ಘೋಷಣೆಯನ್ನೇ ಹಾಜರುಪಡಿಸಬೇಕೆಂದೂ ಬೇರೆ ಸಾಕ್ಷ್ಯ ಅದರ ಸ್ಥಾನದಲ್ಲಿ ನಿಲ್ಲದೆಂದೂ ತೀರ್ಮಾನಿಸಿತು. ಮರುವರ್ಷವೇ, ಮದ್ರಾಸು ಸರ್ಕಾರಕ್ಕೂ ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ, ಕ್ರಮವಾದ ಘೋಷಣೆಯನ್ನು ಪಡೆದ ಮೇಲೆ ಕೊಂಡವನು ಸರಕನ್ನು ಹೇಳಿದ ಉದ್ದೇಶಕ್ಕೇ ಬಳಸಿದನೇ ಎಂದು ಹುಡುಕಿಕೊಂಡು ಹೋಗುವ ಕರ್ತವ್ಯ ಮಾರಿದವನಿಗಿಲ್ಲವೆಂದು ಹೇಳಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಕಾಗದವಿಲ್ಲದ ಸತ್ಯಕ್ಕೆ ರಕ್ಷಣೆಯಿಲ್ಲ. ಕಾಗದವನ್ನು ನಂಬಿದವನಿಗೆ ರಕ್ಷಣೆಯುಂಟು. ಮೊದಲನೆಯದು ನಮಗೆ ಕಠಿನವೆಂದೇ ತೋರುತ್ತದೆ. ಆದರೆ ಅದನ್ನು ಸಡಿಲಿಸಿದ್ದರೆ ಎರಡನೆಯದು ಕೊಡುವ ಅಭಯವೂ ಉಳಿಯುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಹಾಗಾದರೆ ಸುಳ್ಳು ಘೋಷಣೆಯ ಹೊಣೆ? ಅದು ಬರೆದವನ ಮೇಲೆಯೇ. ಪ್ರಮಾಣಪತ್ರದಲ್ಲಿ ಇಲ್ಲದ ಸರಕನ್ನು ಇದೆಯೆಂದು ಸುಳ್ಳಾಗಿ ಹೇಳಿ ಕೊಳ್ಳುವುದು 10ನೆಯ ಪ್ರಕರಣದ ಮೇರೆಗೆ ಅಪರಾಧ. ಮರುಮಾರಾಟಕ್ಕೆಂದು ಕೊಂಡುದನ್ನು ಯುಕ್ತ ಕಾರಣವಿಲ್ಲದೆ ಆ ಉದ್ದೇಶಕ್ಕೆ ಬಳಸದಿರುವುದೂ ಅಪರಾಧವೇ. ಫ್ಯಾನುಗಳ ವ್ಯಾಪಾರಿಯು ಫಾರಂ ಕೊಟ್ಟು ತರಿಸಿದ ಫ್ಯಾನೊಂದನ್ನು ತನ್ನ ಮನೆಯ ನಡುಮನೆಗೆ ತೂಗುಹಾಕಿದರೆ ಈ ಎರಡನೆಯ ವರ್ಗಕ್ಕೆ ಸೇರುತ್ತಾನೆ. ಶಿಕ್ಷೆ ಆರು ತಿಂಗಳವರೆಗೆ ಸಾದಾ ಕಾರಾಗೃಹವಾಸ ಅಥವಾ ಜುಲ್ಮಾನೆ ಅಥವಾ ಎರಡೂ. ಮೊಕದ್ದಮೆಯ ಬದಲಿಗೆ ತೆರಿಗೆಯ ಒಂದೂವರೆಯಷ್ಟರವರೆಗೆ ದಂಡ ಹಾಕಲು 10ಎ ಪ್ರಕರಣ ಅವಕಾಶ ಕೊಟ್ಟಿತು.

ಕರ್ನಾಟಕದ ಮಟ್ಟಿಗೆ ಒಂದು ವಿಶೇಷವನ್ನು ಹೇಳಬೇಕು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯವಾದಾಗ ಹಳೆಯ ಮೈಸೂರಿನಲ್ಲಿ 1948ರ ಕಾಯಿದೆ, ಮುಂಬಯಿ ಕರ್ನಾಟಕದಲ್ಲಿ ಮುಂಬಯಿಯದು, ಹೈದರಾಬಾದ್ ಕರ್ನಾಟಕದಲ್ಲಿ ಹೈದರಾಬಾದಿನದು, ಮಂಗಳೂರಿನಲ್ಲಿ ಮದ್ರಾಸಿನದು ನಡೆಯುತ್ತಿದ್ದಿತು. 1957ರ ಅಕ್ಟೋಬರ್ 1ರಿಂದ ಮೈಸೂರು ಮಾರಾಟ ತೆರಿಗೆ ಕಾಯಿದೆ ಇವನ್ನು ಒಂದುಮಾಡಿತು. ಅದರಲ್ಲಿ ಅನೇಕ ಸರಕುಗಳಿಗೆ ರಾಜ್ಯದೊಳಗಿನ ಮೊದಲ ಮಾರಾಟದಲ್ಲೇ ತೆರಿಗೆ. ಆದ್ದರಿಂದ ರಾಜ್ಯದೊಳಗೆ ಮರುಮಾರಾಟಗಾರನು ‘ಮುಂದೆ ಮಾರುತ್ತೇನೆ’ ಎಂದು ಘೋಷಿಸುವುದಕ್ಕಿಂತ ‘ಹಿಂದೆಯೇ ತೆರಿಗೆ ಸಂದಿದೆ’ ಎಂದು ಬಿಲ್ಲು ತೋರಿಸುವುದು ಮುಖ್ಯವಾಯಿತು. ಒಂದೇ ಅಂಗಡಿಯಲ್ಲಿ, ಒಂದೇ ಗುಮಾಸ್ತನ ಮೇಜಿನ ಮೇಲೆ, ಎರಡು ವಿರುದ್ಧ ತರ್ಕಗಳ ಕಡತಗಳು ಅಕ್ಕಪಕ್ಕದಲ್ಲಿ ಕುಳಿತವು. ಹಳೆಯ ವರ್ತಕರು ಹೊರರಾಜ್ಯದ ಫಾರಮಿಗಾಗಿ ಬರೆಯುತ್ತಿದ್ದ ಕಾಗದಗಳ ಕಟ್ಟುಗಳನ್ನು ಸಂಗ್ರಹಿಸಿಡುವ ಪ್ರಯತ್ನ ನಡೆದರೆ, ವ್ಯಾಪಾರದ ಇತಿಹಾಸಕ್ಕೆ ಶಾಸನಗಳಷ್ಟೇ ಉಪಯುಕ್ತವಾದ ಆಕರ ದೊರೆಯುತ್ತದೆಂದು ನಾವು ನಂಬುತ್ತೇವೆ. ರದ್ದಿಯ ಅಂಗಡಿ ಕಾಯುವುದಿಲ್ಲ.

ಉಳಿದ ಕಥೆ ಚಿಕ್ಕದು. 2005ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. ಕೊಳ್ಳುವಾಗ ತೆತ್ತ ತೆರಿಗೆಯನ್ನು ಮಾರುವಾಗ ಕಳೆಯುವ ಪದ್ಧತಿ ಅದು. ಅದೇ ವರ್ಷ ಮೂರು ತಿಂಗಳ ವ್ಯವಹಾರಕ್ಕೆ ಒಂದು ‘ಸಿ’ ಫಾರಂ ಸಾಕೆಂಬ ನಿಯಮವಾಯಿತು. ಕೇಂದ್ರ ತೆರಿಗೆಯ ದರ 2007ರಲ್ಲಿ 3ಕ್ಕೂ 2008ರಲ್ಲಿ 2ಕ್ಕೂ ಇಳಿಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಪಂಪು, ಫ್ಯಾನು ಮುಂತಾದ ಸಾಮಾನ್ಯ ಸರಕಿಗೆ ‘ಸಿ’ ಫಾರಮಿನ ಸಂಬಂಧ ತಪ್ಪಿತು. ಕಚ್ಚಾ ತೈಲ, ಪೆಟ್ರೋಲು, ಡೀಸೆಲ್ಲು, ವಿಮಾನ ಇಂಧನ, ನೈಸರ್ಗಿಕ ಅನಿಲ, ಮದ್ಯ ಇಷ್ಟಕ್ಕೆ ಮಾತ್ರ ಹಳೆಯ ಕಾಯಿದೆ ಉಳಿಯಿತು. ಗಣಿಯವರೂ ವಿದ್ಯುತ್ ಉತ್ಪಾದಕರೂ ‘ಸಿ’ ಫಾರಂ ಕೊಟ್ಟು ಹೊರರಾಜ್ಯದಿಂದ ಕಡಮೆ ತೆರಿಗೆಯಲ್ಲಿ ಡೀಸೆಲ್ಲು ತರಿಸಬಹುದೇ ಎಂಬ ವಿವಾದ ಆಗ ಉಚ್ಚ ನ್ಯಾಯಾಲಯಗಳನ್ನು ಮುಟ್ಟಿತು. 2021ರ ಹಣಕಾಸು ಕಾಯಿದೆ ಆ ಬಾಗಿಲನ್ನು ಮುಚ್ಚಿ, ಅದೇ ವರ್ಷದ ಜುಲೈ 1ರಿಂದ, ಈ ಸರಕುಗಳನ್ನು ಮರುಮಾರಾಟ ಮಾಡುವವರಿಗೂ ಇವುಗಳಿಂದ ಇವನ್ನೇ ತಯಾರಿಸುವವರಿಗೂ ಮಾತ್ರ ಘೋಷಣೆಯ ಹಕ್ಕನ್ನು ಉಳಿಸಿತು.