ಕಾಣುವ ಉಕ್ಕು, ಕಾಣದ ಕೊಳವೆ

ಕಾರಿನ ಇತಿಹಾಸ ಬರೆದವರು ಹೆಚ್ಚಾಗಿ ಬರೆದಿರುವುದು ಓಟದ ಬಗ್ಗೆ. ಯಾವ ಎಂಜಿನ್ ಎಷ್ಟು ಬಲದ್ದು, ಯಾರು ಎಷ್ಟು ವೇಗ ಮುಟ್ಟಿದರು ಎಂಬುದೇ ಅಲ್ಲಿ ತುಂಬಿರುತ್ತದೆ. ನನಗೆ ಕುತೂಹಲ ಇರುವುದು ನಿಲ್ಲುವುದರ ಇತಿಹಾಸದಲ್ಲಿ. ಅದರಲ್ಲೂ ಬ್ರೇಕ್ ಆಯಿಲನ್ನು ಚಕ್ರಕ್ಕೆ ಮುಟ್ಟಿಸುವ, ಉದ್ದ ಒಂದು ಮೊಳವೂ ಇರದ ಬಾಗುವ ಕೊಳವೆಯಲ್ಲಿ. ಗ್ಯಾರೇಜಿನವರು ಅದನ್ನು ಬ್ರೇಕ್ ಹೋಸ್ ಎನ್ನುತ್ತಾರೆ.

ಆರಂಭದ ಕಾರುಗಳಲ್ಲಿ ಈ ಕೊಳವೆಯೇ ಇರಲಿಲ್ಲ. ಪೆಡಲಿನಿಂದ ಚಕ್ರದವರೆಗೆ ಲೋಹದ ಸರಳು, ಇಲ್ಲವೇ ಸೈಕಲ್ಲಿನಲ್ಲಿರುವಂಥ ಕೇಬಲ್. ಒಂದು ಸರಳು ಚೂರು ಸಡಿಲವಾದರೂ ಒಂದು ಚಕ್ರ ಮೊದಲು ಹಿಡಿದು ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ. ಆ ಮಾತನ್ನು ಕಾರಿನ ಬ್ರೇಕಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮ್ಯಾಲ್ಕಮ್ ಲಾಕ್‌ಹೀಡ್. ಅವನಿಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. 1921ರಲ್ಲಿ ಹೈಡ್ರಾಲಿಕ್ ಬ್ರೇಕಿನ ಡ್ಯೂಸನ್‌ಬರ್ಗ್ ಕಾರು ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದಿತು. ಲಾಕ್‌ಹೀಡ್‌ನ ಚರ್ಮದ ಸೀಲುಗಳು ಸೋರುತ್ತಿದ್ದವು. ಅಲ್ಲಿ ರಬ್ಬರ್ ಕೂರಿಸಿದ ಕ್ರೈಸ್ಲರ್ 1924ರ ತನ್ನ ಕಾರಿಗೆ ಈ ಬ್ರೇಕನ್ನು ಕೊಟ್ಟಿತು.

ಫೋರ್ಡ್ ಕಂಪನಿ ಮಾತ್ರ ಬಹುಕಾಲ ಒಪ್ಪಲಿಲ್ಲ. ಪೆಡಲಿನಿಂದ ಚಕ್ರದವರೆಗೂ ಉಕ್ಕಿದೆ ಎಂಬುದನ್ನೇ ಅದು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿತ್ತು. ಜೀವವನ್ನು ಒಂದಿಷ್ಟು ದ್ರವಕ್ಕೂ ರಬ್ಬರ್ ಕೊಳವೆಗೂ ಒಪ್ಪಿಸಬೇಕೇ ಎಂಬ ಅಳುಕು ಜನರಲ್ಲೂ ಇದ್ದಿರಬೇಕು. ಕೊನೆಗೆ 1939ರ ಮಾದರಿಗಳಲ್ಲಿ ಫೋರ್ಡ್ ಕೂಡ ಹೈಡ್ರಾಲಿಕ್‌ಗೆ ಬಂತು.

ಕಾರಿನ ಮೈಯುದ್ದಕ್ಕೂ ಲೋಹದ ಪೈಪ್ ಸಾಕು. ಆದರೆ ಚಕ್ರ ಕುಣಿಯುತ್ತದೆ, ತಿರುಗುತ್ತದೆ. ಕೊನೆಯ ಆ ಮೊಳದಷ್ಟು ಜಾಗದಲ್ಲಿ ಬಾಗುವ ಕೊಳವೆಯೇ ಬೇಕು. ರಬ್ಬರ್ ಬಾಗುತ್ತದೆ, ಜೊತೆಗೆ ಒತ್ತಡಕ್ಕೆ ಕೂದಲೆಳೆಯಷ್ಟು ಉಬ್ಬುತ್ತದೆ. ಪೆಡಲ್ ತುಳಿತ ಅಷ್ಟರಮಟ್ಟಿಗೆ ಅಲ್ಲೇ ಕಳೆದುಹೋಗಿ ಪೆಡಲ್ ಮೆತ್ತಗಾಗುತ್ತದೆ. ಇದಕ್ಕೆ ಪರಿಹಾರ ಬಂದದ್ದು ಬೇರೊಂದು ದಿಕ್ಕಿನಿಂದ. 1938ರ ಏಪ್ರಿಲ್ 6ರಂದು ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತಿದ್ದಾಗ, ಅವನ ಸಿಲಿಂಡರಿನಿಂದ ಅನಿಲ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ನಮ್ಮ ದೋಸೆ ತವಾಗಳಿಗೆ ಬಂದಿರುವ ಟೆಫ್ಲಾನ್ ಅದೇ. ಅದರ ಕೊಳವೆ ಉಬ್ಬದಂತೆ ಸುತ್ತಲೂ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳನ್ನು ಜಡೆಯಂತೆ ಹೆಣೆದ ಹೋಸುಗಳು ವಿಮಾನಗಳಲ್ಲೂ ರೇಸ್ ಕಾರುಗಳಲ್ಲೂ ಬಳಕೆಗೆ ಬಂದವು. ಈಗ ನಮ್ಮ ನಿಮ್ಮ ಕಾರಿಗೂ ಸಿಗುತ್ತವೆ.

ಹನ್ನೆರಡು ವರ್ಷ ಹಳೆಯ ನನ್ನ ಕಾರಿನ ರಬ್ಬರ್ ಹೋಸುಗಳು ಬಿರುಕು ಬಿಟ್ಟಾಗ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಥಳಥಳ ಹೊಳೆಯುವ ಜೋಡಿಯೊಂದನ್ನು ಮುಂದಿಟ್ಟರು.

"ಸ್ಟೀಲೇ ಹಾಕ್ಸಿ ಸಾರ್, ಆಮೇಲೆ ಚಿಂತೇನೇ ಇಲ್ಲ."

"ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಇದರ ಮೇಲೆ ಏನೂ ಇಲ್ವಲ್ಲಾ?"

"ರೇಸಿಂಗ್ ಐಟಂ ಸಾರ್ ಇದು. ಅದಕ್ಕೆಲ್ಲ ಬರೆಯಲ್ಲ."

ನಾನು ಹುಡುಕುತ್ತಿದ್ದುದು ಆ ಬರಹವನ್ನೇ. ಅಮೆರಿಕದ 106ನೇ ಸಂಖ್ಯೆಯ ಮಾನದಂಡದ ಪ್ರಕಾರ ಬ್ರೇಕ್ ಹೋಸನ್ನು ಯಂತ್ರಕ್ಕೆ ಕಟ್ಟಿ 35 ಗಂಟೆ ಎಡೆಬಿಡದೆ ಬಳುಕಿಸಿದರೂ ಅದು ಒಡೆಯಬಾರದು. ತಯಾರಕರ ಗುರುತು, ತಯಾರಾದ ತಿಂಗಳು ಮತ್ತು ವರ್ಷ ಹೋಸಿನ ಮೇಲಿರಬೇಕು. ಉದ್ದಕ್ಕೂ ಎಳೆದ ಗೆರೆಗಳಿಗೂ ಅರ್ಥವಿದೆ: ಜೋಡಿಸುವಾಗ ಹೋಸ್ ತಿರುಚಿಕೊಂಡರೆ ಗೆರೆಯೂ ಸುತ್ತಿಕೊಂಡು ಕಣ್ಣಿಗೆ ಬೀಳುತ್ತದೆ.

ಉಕ್ಕಿನ ಹೆಣಿಗೆಯ ತೊಡಕು ಇಲ್ಲೇ ಇದೆ. ರಬ್ಬರ್ ಹಳೆಯದಾದರೆ ಮೇಲೆಯೇ ಬಿರುಕು ತೋರಿಸುತ್ತದೆ. ಟೆಫ್ಲಾನ್ ಕೊಳವೆ ಒಳಗೆ ಮಡಿಚಿಕೊಂಡರೂ ಹೊರಗಿನ ಹೆಣಿಗೆ ಹೊಳೆಯುತ್ತಲೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದಿದ್ದರೆ ತಂತಿಗಳ ನಡುವೆ ಮರಳು ಸೇರಿ ಒಳಗೊಳಗೇ ಉಜ್ಜುತ್ತದೆ. ಹೆಚ್ಚಿನ ಪೆಟ್ಟು ಬೀಳುವುದು ಕೊಳವೆ ಫಿಟ್ಟಿಂಗಿಗೆ ಸೇರುವ ಕುತ್ತಿಗೆಯಲ್ಲಿ. ರೇಸ್ ಕಾರಿನಲ್ಲಿ ಇದನ್ನೆಲ್ಲ ಓಟಕ್ಕೆ ಮುಂಚೆ ತಪಾಸಣೆ ಮಾಡುವ ಜನ ಇರುತ್ತಾರೆ. ನನ್ನ ಕಾರಿನಲ್ಲಿರುವುದು ನಾನು, ಪಕ್ಕದಲ್ಲಿ ಅಮ್ಮ, ಮುಂದೆ ಆಗುಂಬೆ ಘಾಟಿಯ ಇಳಿಜಾರು.

ನಾಲ್ಕು ಅಂಗಡಿ ತಿರುಗಿದರೂ ಗುರುತಿರುವ ಸ್ಟೀಲ್ ಹೋಸ್ ಸಿಗಲಿಲ್ಲ. ಕಾರಿನ ಕಂಪನಿಯದೇ ಹೊಸ ರಬ್ಬರ್ ಹೋಸ್ ತಂದು, ಹಳೆಯ ಆಯಿಲ್ ತೆಗೆಸಿ, ಗಾಳಿ ಬಿಡಿಸಿದ್ದಾಯಿತು. ಪೆಡಲ್ ಗಟ್ಟಿಯಾಯಿತು. ಸರಿಯಾದ ಗುರುತಿರುವ, ಕಾರಿನ ಅಳತೆಗೆ ಮಾಡಿದ, ಹೊದಿಕೆಯಿರುವ ಸ್ಟೀಲ್ ಹೋಸ್ ಸಿಕ್ಕರೆ ಅದನ್ನು ಹಾಕಿಸುವುದಕ್ಕೂ ನನ್ನ ತಕರಾರಿಲ್ಲ. ಪೆಡಲ್ ಇನ್ನೂ ಬಿಗಿಯಾದೀತು. ಆದರೆ ಫೋರ್ಡಿನ ಗಿರಾಕಿಗಳು ಕಣ್ಣಿಗೆ ಕಂಡ ಉಕ್ಕನ್ನು ನಂಬಿದ ಹಾಗೆ, ಹೊಳಪು ನೋಡಿ ಜೀವ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ.

ನಿಮ್ಮ ಮನೆಯ ಕಾರು ಹತ್ತು ವರ್ಷ ದಾಟಿದ್ದರೆ ಮುಂದಿನ ಸರ್ವೀಸಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಚಕ್ರದ ಹಿಂದಿರುವ ಆ ಕೊಳವೆಯನ್ನು ಒಮ್ಮೆ ಬಗ್ಗಿ ನೋಡಿ.